ಬರ್ತೀನಿ ಅನ್ನದ ಹುಡುಗಿ

ತಿಕೋಟಾಕ್ಕೆ ಹೋಗುವ, ಇದ್ದಿಲು ಉರಿಸಿ ಓಡಿಸುವ ಮೋಟಾರು ಬಸ್ಸು ದಾರಿಯಲ್ಲಿ ಎರಡನೇ ಸಲ ಕೆಟ್ಟು ನಿಂತಾಗಲೇ ಸುವಾರ್ತವ್ವನ ಸೊಂಟ ಕೈಕೊಟ್ಟಿತ್ತು. “ಇದೊಂದ ಸಲ ಆಯಿನ್ನ ನೋಡಿ ಬಂದಬಿಡೂಣು. ಮತ್ತ ಬರಾಕ ನನ್ನ ಕೈಲೆ ಆಗಂಗಿಲ್ಲ” ಎಂದು ಮಗಳ ಮುಂದೆ ಅಂದುಬಿಟ್ಟಳು. ಅಂದದ್ದೇ ತಪ್ಪಾಯಿತು.

ಗಂಡ ರೂಬೇನಪ್ಪ ಸುವಾರ್ತೆ ಸಾರುತ್ತ ಬಬಲೇಶ್ವರದ ಕಡೆ ಸೈಕಲ್ ತುಳಿಯುವವನು. ಮನೆಗೆ ಬಂದರೆ ಬೀಗರು ಬಂದಂತೆ. ಹೀಗಾಗಿ ವಿಜಾಪುರದ ಮನೆಯಲ್ಲಿ ಒಂಬತ್ತು ವರ್ಷದ ರಿಬ್ಬಕ್ಕನಿಗೆ ಸಾಲಿ, ಚರ್ಚು, ಪೊಲೀಸ್ ಠಾಣೆ, ಮೂರೂ ಸುವಾರ್ತವ್ವನೇ. ಅಕ್ಷರ ಯಾರಾದರೂ ಕಲಿಸಿಯಾರು, ಗುಣ ಮಾತ್ರ ಮನೆಯಲ್ಲೇ ಕಲಿಯಬೇಕು ಎಂಬುದು ಅವಳ ಹಟ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮೊದಲ ಪಾಠ: ಮಾಡದ ಮಾತು ಆಡಬಾರದು, ಯೇಸುಸ್ವಾಮಿಗೆ ಸೇರುವುದಿಲ್ಲ. ಮಗ್ಗಿ ಮರೆತರೂ ಈ ಪಾಠ ಮಾತ್ರ ಹುಡುಗಿಗೆ ಜಾಲಿಯಂಟಿನ ಹಾಗೆ ಹತ್ತಿಕೊಂಡಿತ್ತು.

ಆಯಿ ಅಂದರೆ ಗುರುಬಸವ್ವ, ಹಳೆಯ ನೆರೆಮನೆಯ ಮುದುಕಿ, ರಿಬ್ಬಕ್ಕನನ್ನು ಎತ್ತಿ ಆಡಿಸಿದವಳು. ಈಗ ತಿಕೋಟಾದ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಚಹಾ ಆಯಿತು, ಅಳು ಆಯಿತು, ಹೊರಗೆ ಮೋಟಾರಿನ ಹಾರ್ನೂ ಆಯಿತು.

“ಬರ್ತೀನಬೇ ಆಯಿ” ಎಂದಳು ಸುವಾರ್ತವ್ವ.

“ನಾ ಹೋಗ್ತೀನಿ ಆಯಿ” ಎಂದಳು ರಿಬ್ಬಕ್ಕ.

ಟಾಕೀಸಿನಲ್ಲಾಗಿದ್ದರೆ ಈ ಹೊತ್ತಿಗೆ ಸಿಡಿಲು ಹೊಡೆದು ದೀಪ ಆರುತ್ತಿತ್ತು. ಇಲ್ಲಿ ಎಮ್ಮೆಯೊಂದು ಕೆಮ್ಮಿತು, ಅಷ್ಟೇ.

ಸೊಸೆ ಶಂಕ್ರೆವ್ವ ಉರಿದುಬಿದ್ದಳು. “ಜಡ್ಡ ಬಿದ್ದಾಕಿ ಮುಂದ ಹೋಗ್ತೀನಿ ಅಂತಾರೇನ? ಮನ್ಯಾಗ ಇಟಗೊಂಡು ಇದನ್ನ ಕಲಿಸೀರೇನ್ರಿ ಅಕ್ಕಾರ?”

“ಬರ್ತೀನಿ ಅನ್ನಬೇ” ಎಂದು ಸುವಾರ್ತವ್ವ ಮಗಳ ರಟ್ಟೆ ಹಿಡಿದಳು.

“ಸುಳ್ಳ ಆಗ್ತೈತೆವ್ವಾ. ಮತ್ತ ಬರಾಕ ಆಗಂಗಿಲ್ಲಂತ ನೀನ ಅಂದಿ.”

ಮುದುಕಿ ಸುವಾರ್ತವ್ವನನ್ನು ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು. “ಹೌದೇನ ಸುವಾರ್ತಾ?” ಎಂದು ಮೆಲ್ಲಗೆ ಕೇಳಿದಳು.

ಒಂದು ಪೆಟ್ಟು ಕೊಟ್ಟು ‘ಬರ್ತೀನಿ’ ಅನ್ನಿಸಬಹುದಿತ್ತು. ಹಾಗೆ ಮಾಡಿದರೆ ಇಷ್ಟು ವರ್ಷದ ಪಾಠ ಈ ಹೊಸ್ತಿಲಲ್ಲೇ ಮುಗಿಯುತ್ತಿತ್ತು. ಸುಮ್ಮನೆ ಹೊರಟರೆ ಮುದುಕಿಗೆ ‘ಹೋಗ್ತೀನಿ’ಯೊಂದೇ ಉಳಿಯುತ್ತಿತ್ತು. ಹಾರ್ನು ಮತ್ತೆ ಅರಚಿತು. ಸುವಾರ್ತವ್ವ ಸೊಂಟ ಹಿಡಿದುಕೊಂಡು ಹಾಸಿಗೆಯ ಪಕ್ಕ ಕುಸಿದು ಕುಂತಳು.

“ದಣಿದು ಹಂಗ ಅಂದಿದ್ನಿ ಆಯಿ, ಖರೇ. ತಪ್ಪ ಆತು. ಬರೂ ಗುರುವಾರ ಬರ್ತೀವಿ.” ಮಗಳತ್ತ ತಿರುಗಿದಳು. “ಈಗರ ಅಂತೀಯೇನ?”

“ಗುರುವಾರ ಖರೇನ ಬರೂದಾ?”

“ನನ್ನ ಸೊಂಟ ಮುರದ್ರೂ ಬರೂದ.”

“ಹಂಗಾರ ಬರ್ತೀನಿ ಆಯಿ, ಗುರುವಾರ.”

“ನೀ ಬರೂತನಕ ಇರ್ತೀನಿ ತಗೋ” ಎಂದಳು ಗುರುಬಸವ್ವ.

“ಅದು ನಿನ್ನ ಕೈಯಾಗಿಲ್ಲಲ್ಲ ಆಯಿ.”

ಶಂಕ್ರೆವ್ವ ಹಣೆ ಚಚ್ಚಿಕೊಂಡಳು. ಮುದುಕಿ ಮಾತ್ರ ಕೆಮ್ಮು ಬರುವಷ್ಟು ನಕ್ಕಳು. “ಏನ್ ಹೆಣ್ಣ ಹಡದೀಯೆ ಸುವಾರ್ತಾ! ಯಮನ್ನೂ ಕುಂದ್ರಿಸಿ ಪಾಠ ಹೇಳ್ತೈತಿದು!”

ಮೋಟಾರಿನಲ್ಲಿ ಹೊಗೆಯೋ ಹೊಗೆ. ಸುವಾರ್ತವ್ವ ಕಣ್ಣು ಮುಚ್ಚಿದಳು. ಆಗಲೇ ಗುರುವಾರದ ನೋವು ಸೊಂಟಕ್ಕೆ ಬಂದು ಕೂತಿತ್ತು.

“ಅವ್ವಾ, ಆಯಿ ಅಲ್ಲೀತನಕ ಇರ್ತಾಳೇನ?”

ಇರ್ತಾಳೆ ಅನ್ನುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ಗೊತ್ತಿಲ್ಲವ್ವಾ. ನಾವಂತೂ ಬರೂಣು” ಎಂದಳು.