ಒದರಿ ಹೇಳಲಾಗದ ಮಾತು

ನಮ್ಮವರಿಗೆ, ಅಂದರೆ ನನ್ನ ಗಂಡ ಶಂಭುಲಿಂಗರಿಗೆ, ಕಿವಿ ಹೋಗಿ ಆರು ವರ್ಷವಾಯಿತು. ಮಷೀನು ಹಾಕಿಕೊಂಡರೆ ತಲೆಯೊಳಗೆ ಗಿರಣಿ ತಿರುಗುತ್ತದಂತೆ, ಡಬ್ಬಿಯಲ್ಲಿಟ್ಟಿದ್ದಾರೆ. ಮಗಳಿರುವ ಈ ಪರದೇಶದಲ್ಲಿ, ದಿ ಪಾಂಡ್ಸ್ ಎಂಬ ಬಡಾವಣೆಯ ಮನೆಯಲ್ಲಿ ನಾನು "ಊಟಕ್ಕ ಬರ್ರಿ" ಎಂದು ಒದರಿದರೆ ಪಕ್ಕದ ಮನೆಯವರೂ ತಾಟು ಹಾಕಿಕೊಳ್ಳಬೇಕು.

ಹೋದ ಮಂಗಳವಾರ ಡಾಕ್ಟರು ನನ್ನ ಸ್ಕ್ಯಾನ್ ನೋಡಿ, ಕ್ಯಾನ್ಸರ್ ಲಿವರಿಗೂ ಹಬ್ಬಿದೆ, ಇನ್ನು ಆರು ತಿಂಗಳು ಎಂದರು. "ಅಪ್ಪಗ ನಾ ಹೇಳ್ತೀನಿ" ಎಂದಳು ಮಗಳು ಮಾಧುರಿ. "ನನ್ನ ಗಂಡಗ ನಾನೇ ಹೇಳ್ತೀನಿ, ನೀ ಸುಮ್ನಿರು" ಎಂದು ಗದರಿದೆ. ಆದರೆ ಹೇಗೆ? ಸಾಯುತ್ತೇನೆಂದು ಓಣಿಗೆಲ್ಲ ಕೇಳುವಂತೆ ಒದರಲೇ? ಚೀಟಿಯಲ್ಲಿ ಬರೆದುಕೊಡಲು ಅದೇನು ಕಿರಾಣಿ ಸಾಮಾನೇ?

ಮಾಧುರಿ ಮೊದಲೇ ನಮ್ಮಿಬ್ಬರಿಗೂ ಮೆಲ್ಬರ್ನ್‌ಗೆ ಟಿಕೆಟ್ ಬುಕ್ ಮಾಡಿದ್ದಳು. ಅಲ್ಲಿ ಹಳೆಯ ಸಿನಿಮಾಗಳ ಉತ್ಸವ, ಅದರಲ್ಲಿ ಇವರ ಪ್ರೀತಿಯ ಫ್ರೆಂಚ್ ಹಾಡು-ನಗೆಯ ಚಿತ್ರ. ಕಿವಿಯಿಲ್ಲದವರಿಗೆ ಹಾಡಿನ ಸಿನಿಮಾ, ಕೋಣನ ಮುಂದೆ ಕಿನ್ನರಿ ಎಂದು ಗೊಣಗಿದೆ. ಇವರಿಗೆ ಕೇಳಿಸಲಿಲ್ಲ, ಬಿಡಿ.

ಮದುವೆಯಾದ ಹೊಸತರಲ್ಲಿ ಧಾರವಾಡದ ಫಿಲ್ಮ್ ಸೊಸೈಟಿಯಲ್ಲಿ ಅದನ್ನು ನೋಡಿದ್ದೆವು. ಸಿನಿಮಾಕ್ಕೆ ಆಗಷ್ಟೇ ಮಾತು ಬಂದ ಕಾಲದ್ದು. ಉಳಿದವರೆಲ್ಲ ನಟರನ್ನು ವಟವಟ ಎನ್ನಿಸುತ್ತಿದ್ದರೆ, ಈ ನಿರ್ದೇಶಕ ಪುಣ್ಯಾತ್ಮ ಮುಖ್ಯ ಮಾತು ಬಂದಾಗಲೇ ಗಾಜಿನ ಬಾಗಿಲು ಹಾಕಿಬಿಡುತ್ತಾನೆ. ಒಳಗೆ ತುಟಿಗಳು ಆಡುತ್ತವೆ, ಹೊರಗೆ ಬರೀ ಸಂಗೀತ. "ಇವಗ ಮಾತು ಬರಿಯಾಕ ಬರಂಗಿಲ್ಲೇನ್ರಿ?" ಎಂದು ಆಗ ನಕ್ಕಿದ್ದೆ. "ಮಾರಿ ನೋಡು ನೀಲಾ, ಎಲ್ಲಾ ಅಲ್ಲೇ ಐತಿ" ಎಂದಿದ್ದರು.

ಮೆಲ್ಬರ್ನ್‌ನಲ್ಲಿ ಅದೇ ದೃಶ್ಯ ಬಂತು. ಗಾಜಿನ ಹಿಂದೆ ಹುಡುಗ ಹುಡುಗಿಯ ಜಗಳ, ಥಿಯೇಟರಿನಲ್ಲಿ ಯಾರಿಗೂ ಒಂದಕ್ಷರ ಕೇಳಿಸುತ್ತಿಲ್ಲ. ಇವರು ನನ್ನ ಕೈ ಅಮುಕಿ, "ಈಗ ನೋಡು, ಎಲ್ಲಾರೂ ನನ್ನಂಗ ಕಿವುಡ್ರು!" ಎಂದು ಜೋರಾಗಿ ನಕ್ಕರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಇಷ್ಟು ಖುಷಿಯಾಗಿರುವವರಿಗೆ ಹೇಗಪ್ಪಾ ಹೇಳಲಿ?

ಆಟ ಮುಗಿದ ಮೇಲೆ ಟ್ರಾಮ್ ಬಂತೇ ಎಂದು ನೋಡಲು ನಾನು ಹೊರಗೆ ಬಂದೆ. ಇವರು ಒಳಗೇ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನಡುವೆ ಥಿಯೇಟರಿನ ಗಾಜಿನ ಬಾಗಿಲು. ತಲೆಯೆತ್ತಿ ನನ್ನನ್ನು ನೋಡಿದರು. ಈಗ ಬಿಟ್ಟರೆ ಎಂದೂ ಆಗುವುದಿಲ್ಲ ಅನ್ನಿಸಿತು. ದನಿ ತೆಗೆಯದೆ, ತುಟಿ ಬಿಡಿಸಿ ಬಿಡಿಸಿ ಹೇಳಿದೆ.

"ನನಗ ಕ್ಯಾನ್ಸರ್ ಆಗೇತ್ರಿ. ಆರು ತಿಂಗಳಂತ."

ಗುಂಡಿಯ ಮೇಲಿನ ಕೈ ನಿಂತಿತು. ತಿಳಿಯಿತೋ ಇಲ್ಲವೋ ಎಂದು ಅಂಜಿ, ರೂಢಿಯಂತೆ ಒದರಲು ಬಾಯಿ ತೆರೆದೆ. ಇವರು ಬಾಗಿಲು ದೂಡಿಕೊಂಡು ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟರು.

"ಒದರಬ್ಯಾಡ" ಎಂದರು. "ಕೇಳಿಸ್ತು."