ಡೋರಾ ಮೌನ್ಸಿಯ ಕೆಂಪು ಬೋರ್ಡು

ಗುರುವಾರ ಬಂತೆಂದರೆ ಡೋರಾ ಮೌನ್ಸಿಯ ಹೊಟ್ಟೆಯಲ್ಲಿ ಬೆಳಗಿನಿಂದಲೇ ಉರಿ ಶುರು. ಯಾಕೆಂದರೆ ಗುರುವಾರ ಲೆನರ್ಡ್ ಸ್ಪಿಂಕ್ ಬರುವ ದಿನ. ಮಳೆ ಬರಲಿ, ಮಂಜು ಮುಸುಕಲಿ, ಆ ಮನುಷ್ಯ ಎರಡು ಕೋಲು ಊರಿಕೊಂಡು, ಕೊರಳಿಗೆ ನಕ್ಷೆ ನೇತುಹಾಕಿಕೊಂಡು, ಹಿಂದೊಂದು ಪಿಂಚಣಿದಾರರ ದಂಡು ಕಟ್ಟಿಕೊಂಡು ಅವಳ ಅಂಗಳದ ನಟ್ಟನಡುವೆ ಹಾದು ಗುಡ್ಡ ಹತ್ತುತ್ತಿದ್ದ. ಅಂಗಳ ಅವಳದು, ಹುಲ್ಲು ಅವಳದು, ಕುರಿ ಅವಳದು. ದಾರಿ ಮಾತ್ರ ಎಲ್ಲರದು. ಅವಳ ಮುತ್ತಜ್ಜನ ಕಾಲಕ್ಕೂ ಮೊದಲು ಈ ಕಣಿವೆಯ ಹೆಣಗಳನ್ನು ಗುಡ್ಡದಾಚೆಯ ಚರ್ಚಿಗೆ ಹೊತ್ತೊಯ್ಯುತ್ತಿದ್ದ ದಾರಿ ಅದು. ಈಗ ಹೊರುವ ಹೆಣವಿಲ್ಲ, ಹೊರುವ ಹೆಗಲೂ ಇಲ್ಲ, ಆದರೂ ಕಾನೂನು ದಾರಿಯ ಕೈ ಬಿಟ್ಟಿಲ್ಲ.

"ನೋಟ ನೋಡೋಕ್ ಬರ್ತಾರಂತೆ, ನೋಟ!" ಎಂದು ಅವಳು ತನ್ನ ನಾಯಿ ನೆಲ್‌ಗೆ ಹೇಳುತ್ತಿದ್ದಳು. ಮನೆಯಲ್ಲಿ ಮಾತಾಡಲು ಇನ್ಯಾರಿದ್ದರು? "ದೂರದ ಬೆಟ್ಟ ನುಣ್ಣಗೆ ಕಣೇ. ಮೇಲ್ಹತ್ತಿ ಸ್ಯಾಂಡ್‌ವಿಚ್ ತಿಂದು, ಸರೋವರ ನೋಡಿ ಆಹಾ ಓಹೋ ಅಂದು ಇಳಿದು ಹೋಗ್ತಾರೆ. ಫೆಬ್ರವರೀಲಿ ಬಂದು ಅದೇ ಗುಡ್ಡಕ್ಕೆ ಹುಲ್ಲಿನ ಹೊರೆ ಹೊರಲಿ, ಆವಾಗ ಗೊತ್ತಾಗತ್ತೆ ಆಹಾ ಯಾವುದು ಓಹೋ ಯಾವುದು ಅಂತ."

ಆ ದಾರಿಯನ್ನು ಅಂಗಳದಿಂದ ಎತ್ತಿ ಗುಡ್ಡದ ಬುಡಕ್ಕೆ ಹಾಕಿಸಬೇಕೆಂದು ಅವಳು ಕೌನ್ಸಿಲ್ಲಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದಳು. ಬುಡದಲ್ಲಿ ಹೋದರೆ ನೋಟವೂ ಇಲ್ಲ, ಗೀಟವೂ ಇಲ್ಲ, ಬರೀ ಕೆಸರು. ಆದ್ದರಿಂದಲೇ ಸ್ಪಿಂಕ್ ಅಷ್ಟೇ ಹಟದಿಂದ ಅಡ್ಡ ನಿಂತಿದ್ದ. ನೌಕರಿಯಲ್ಲಿದ್ದಾಗ ಬಸ್ಸು ಹತ್ತಿ ಟಿಕೆಟ್ ತನಿಖೆ ಮಾಡುತ್ತಿದ್ದ ಆಸಾಮಿ. ನಿವೃತ್ತನಾದ ಮೇಲೆ ತನಿಖೆಗೆ ಸಿಕ್ಕವಳು ಡೋರಾ. ಗೇಟಿನ ಚಿಲಕ ಬಿಗಿಯಾಗಿದ್ದರೆ ದೂರು, ಮುಳ್ಳುಕಂಟಿ ದಾರಿಗೆ ಚಾಚಿದ್ದರೆ ದೂರು, ನೆಲ್ ಗುರ್ರೆಂದರೆ ಅದಕ್ಕೂ ದೂರು. ಊರಿನಲ್ಲಿ ಇಬ್ಬರೂ ಎಣ್ಣೆ ಸೀಗೇಕಾಯಿ. ಪಬ್ಬಿನಲ್ಲಿ ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಲೋಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಏಪ್ರಿಲ್ ತಿಂಗಳು, ಕುರಿಗಳು ಮರಿ ಹಾಕುವ ಕಾಲ. ಆ ದಂಡಿನಲ್ಲಿ ಯಾರೋ ಒಬ್ಬರು ಮೇಲಿನ ಹುಲ್ಲುಗಾವಲಿನ ಗೇಟು ತೆರೆದಿಟ್ಟು ಹೋದರು. ಮೇಲಿನ ಕುರಿ, ಕೆಳಗಿನ ಕುರಿ ಎಲ್ಲ ಕಲೆತು, ಯಾವ ಮರಿ ಯಾವ ತಾಯಿಯದೆಂದು ಬೇರ್ಪಡಿಸುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಯಿತು. ಮುಂದಿನ ಗುರುವಾರ ಅವಳು ಅಂಗಳದಲ್ಲೇ ಕಾದು ನಿಂತಳು.

"ಏನ್ರೀ ಮಿಸ್ಟರ್ ಸ್ಪಿಂಕ್, ನಿಮ್ಮಮ್ಮ ಬಾಗಿಲು ಹಾಕೋದು ಕಲಿಸಲಿಲ್ವಾ ನಿಮಗೆ?"

"ಗುಡ್ ಮಾರ್ನಿಂಗ್, ಮಿಸೆಸ್ ಮೌನ್ಸಿ. ಹೇಗಿತ್ತೋ ಹಾಗೇ ಬಿಟ್ಟಿದೀವಿ. ತೆರೆದಿದ್ರೆ ತೆರೆದ ಹಾಗೆ, ಮುಚ್ಚಿದ್ರೆ ಮುಚ್ಚಿದ ಹಾಗೆ. ಅದು ನಮ್ಮ ಮೊದಲನೇ ನಿಯಮ."

"ನಿಯಮಾನ ಒಲೆಗೆ ಹಾಕಿ! ಮುಚ್ಚಿದ್ದೆ ನಾನು. ನಿಮ್ಮ ಈ ಬಣ್ಣದ ಕೋಟಿನೋರಲ್ಲಿ ಯಾರೋ ತೆರೆದಿಟ್ಟಿದಾರೆ. ಇಷ್ಟು ಜನ ಇದೀರಿ, ಒಬ್ಬರಿಗೂ ಕಣ್ಣಿಲ್ವಾ?"

ದಂಡಿನವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಸ್ಪಿಂಕ್‌ನ ಕಿವಿ ಕೆಂಪಾಯಿತು. "ಒಂದು ಬೋರ್ಡು ಹಾಕಿ ಮತ್ತೆ," ಎಂದ, ಹಲ್ಲು ಕಚ್ಚಿಕೊಂಡು. "ಬರೆದಿದ್ರೆ ಓದ್ತೀವಿ. ಓದಿದ ಹಾಗೇ ಮಾಡ್ತೀವಿ."

ಹಾಕಿದಳು. ಹಳೇ ಮೇವಿನ ಡಬ್ಬದ ಮುಚ್ಚಳಕ್ಕೆ ಟಗರುಗಳಿಗೆ ಗುರುತು ಹಾಕುವ ಕೆಂಪು ಬಣ್ಣದಲ್ಲಿ ಒಂದೊಂದು ಅಕ್ಷರವನ್ನೂ ಗೇಣುದ್ದ ಬರೆದಳು: "ಗೇಟು ಮುಚ್ಚು. ಯಾವಾಗಲೂ. ಸ್ಪಿಂಕ್, ನಿನಗೇ ಹೇಳಿದ್ದು." ನಾಲ್ಕು ಮೊಳೆ ಹೊಡೆದು ಗೇಟಿಗೆ ಜಡಿದಳು. ಹೊಡೆದ ಪ್ರತಿ ಏಟಿಗೂ ಹೊಟ್ಟೆ ತಣ್ಣಗಾಯಿತು.

ಮರುವಾರ, ಗುರುವಾರ ಬೆಳಗ್ಗೆ ಗಾಳಿ ದಿಕ್ಕು ಬದಲಿಸಿತು. ಬಡಗಣ ಗಾಳಿ, ಬಾಯಿಗೆ ಕಬ್ಬಿಣದ ರುಚಿ. ಹಿಮ ಬರುತ್ತದೆಂದು ಡೋರಾಗೆ ಯಾರೂ ಹೇಳಬೇಕಾಗಿರಲಿಲ್ಲ. ಕೆಳಗಿನ ಹೊಲದ ಕುರಿಗಳನ್ನು ಕೊಟ್ಟಿಗೆಗೆ ತುಂಬಿ, ಮೇಲಿನ ಗೇಟನ್ನು ಹಾರು ಹೊಡೆದು ತೆರೆದು, ಮುಚ್ಚಿಕೊಳ್ಳದಂತೆ ಕಲ್ಲು ಒತ್ತಿಟ್ಟಳು. ಅಲ್ಲಿನ ಹಿಂಡಿಗೆ ಒಂದು ಮುದಿ ಕುರಿ ಯಜಮಾನಿ. ಬಿಸಿಲಿರುವಾಗ ನಾಯಿ ಬಿಟ್ಟು ಓಡಿಸಿದರೂ ಅದು ಇಳಿಯುವುದಿಲ್ಲ. ಹಿಮದ ಮೊದಲ ಚೂರು ಬೆನ್ನಿಗೆ ಬಿದ್ದರೆ ತಾನಾಗಿಯೇ ಎಲ್ಲರನ್ನೂ ಕರೆದುಕೊಂಡು ಕೆಳಗಿನ ಕಲ್ಲುಗೋಡೆಯ ಮರೆಗೆ ಬರುತ್ತದೆ. ಅದರ ತಾಯಿಯೂ ಹಾಗೇ ಮಾಡುತ್ತಿತ್ತು. ಗೇಟು ತೆರೆದಿದ್ದರೆ ಸಾಕು.

ಬೋರ್ಡು ಕಣ್ಣಿಗೆ ಬಿತ್ತು. ಈ ಗಾಳಿಯಲ್ಲಿ ಯಾವ ಹುಚ್ಚ ಬರುತ್ತಾನೆ ಎಂದುಕೊಂಡು ಹಾಗೇ ಬಿಟ್ಟಳು. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಒಂದು ಕುರಿಗೆ ಮರಿ ಅಡ್ಡ ಸಿಕ್ಕಿಕೊಂಡಿತ್ತು. ಅದನ್ನು ಗಾಡಿಗೆ ಹೇರಿಕೊಂಡು ಪೇಟೆಯ ಪಶುವೈದ್ಯನ ಬಳಿಗೆ ಓಡಿದಳು. ಹಿಂದಿರುಗುವಾಗ ಕಣಿವೆಯ ರಸ್ತೆ ಹಿಮದಲ್ಲಿ ಮುಚ್ಚಿಹೋಗಿತ್ತು. ಮನೆ ಸೇರಿದ್ದು ಮರುದಿನ ಬೆಳಗ್ಗೆ, ಸಲಿಕೆ ಹಿಡಿದು, ಅರ್ಧ ದಾರಿ ನಡೆದು.

ಗೇಟು ಮುಚ್ಚಿತ್ತು. ಚಿಲಕ ಚೊಕ್ಕವಾಗಿ ಬಿದ್ದಿತ್ತು. ಕುರಿಗಳೆಲ್ಲ ಅದರ ಆಚೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಮರಿಗಳು ಕಾಲ ಕೆಳಗಿದ್ದವು. ಕೆಲವು ಉಸಿರಾಡುತ್ತಿದ್ದವು, ಒಂಬತ್ತರಲ್ಲಿ ಉಸಿರಿರಲಿಲ್ಲ. ಮುದಿ ಕುರಿ ಗೇಟಿಗೆ ಹಣೆ ಒತ್ತಿಕೊಂಡೇ ಸತ್ತಿತ್ತು. ಡೋರಾ ಹಿಮದಲ್ಲಿ ಕುಳಿತು ಗಟ್ಟಿಯಾಗಿ ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ತಲೆ ಎತ್ತಿದಳು. ಬೋರ್ಡು ಅಲ್ಲೇ ಇತ್ತು. ತನ್ನದೇ ಅಕ್ಷರ. ಯಾವಾಗಲೂ.

ಕಬ್ಬಿಣದ ಸಲಾಕೆ ತಂದು ಅದನ್ನು ಕಿತ್ತಳು. ಮಡಿಸಿ ತಿಪ್ಪೆಯ ಅಡಿಗೆ ತುಂಬಿದಳು. ರಸ್ತೆ ತೆರೆದ ಮೇಲೆ ಸತ್ತ ಜಾನುವಾರು ಒಯ್ಯುವ ಗಾಡಿಯವನಿಗೂ, ಅಂಚೆಯವನಿಗೂ, ಸಂಜೆ ಪಬ್ಬಿನಲ್ಲಿ ಎಲ್ಲರಿಗೂ ಒಂದೇ ಮಾತು ಹೇಳಿದಳು: "ಸ್ಪಿಂಕ್ ಗೇಟು ಮುಚ್ಚಿ ನನ್ನ ಮರಿಗಳನ್ನ ಕೊಂದ. ನೋಟ ನೋಡೋನು!" ಸುದ್ದಿ ಕೌನ್ಸಿಲ್ಲಿಗೂ ಹೋಯಿತು. ಇಷ್ಟು ಕಾಲ ಅವಳ ಕಡೆ ತಿರುಗಿಯೂ ನೋಡದ ಕಚೇರಿ ಒಂದೇ ವಾರದಲ್ಲಿ ದಾರಿ ನೋಡಲು ಅಧಿಕಾರಿಯನ್ನು ಕಳಿಸಿತು.

ಅಧಿಕಾರಿ ಮಿಸ್ ಹಾಲ್‌ರಾಯ್ಡ್, ಹೊಸ ಬೂಟಿನ ಚಿಕ್ಕ ವಯಸ್ಸಿನವಳು. ಮೂವರೂ ಮೇಲಿನ ಗೇಟಿನ ಬಳಿ ನಿಂತರು. ಹಿಮ ಕರಗಿ ಕೆಳಗೆ ಸರೋವರ ನೀಲಿಯಾಗಿ ಹೊಳೆಯುತ್ತಿತ್ತು. ಯಾರೂ ಅತ್ತ ನೋಡಲಿಲ್ಲ. ಸ್ಪಿಂಕ್ ಒಂದೇ ವಾರದಲ್ಲಿ ಕುಗ್ಗಿಹೋಗಿದ್ದ. ಅಂಗಡಿಯಲ್ಲಿ ಜನ ಅವನ ಜೊತೆ ಮಾತು ಬಿಟ್ಟಿದ್ದರು. ಅವನ ದಂಡಿನವರೂ ಈ ಗುರುವಾರ ಬಂದಿರಲಿಲ್ಲ.

"ನೀವೇ ಗೇಟು ಮುಚ್ಚಿದ್ದಾ, ಮಿಸ್ಟರ್ ಸ್ಪಿಂಕ್?"

"ಹೌದು, ನಾನೇ."

"ತೆರೆದಿತ್ತಾ?"

"ತೆರೆದಿತ್ತು. ಕಲ್ಲು ಬೇರೆ ಇಟ್ಟಿತ್ತು. ಕಲ್ಲು ಸರಿಸಿ ಮುಚ್ಚಿದೆ."

"ಯಾಕೆ?"

ಸ್ಪಿಂಕ್‌ನ ಕಣ್ಣು ಗೇಟಿನ ಮೇಲೆ ಹೋಯಿತು. ಕಿತ್ತ ಮೊಳೆಗಳ ತೂತುಗಳು ಹಸಿಯಾಗಿ ಹಾಗೇ ಕಾಣುತ್ತಿದ್ದವು. ಅವನು ಅವನ್ನು ನೋಡಿದ, ಡೋರಾಳನ್ನು ನೋಡಿದ. ಹೇಳಲಿ, ಎಂದುಕೊಂಡಳು ಅವಳು. ಹೇಳಿದರೆ ಸುಳ್ಳು ಅಂತೀನಿ. ಸಾಕ್ಷಿ ಎಲ್ಲಿದೆ ಅಂತೀನಿ.

"ಹೇಗಿತ್ತೋ ಹಾಗೇ ಬಿಡಬೇಕಿತ್ತು," ಎಂದ ಸ್ಪಿಂಕ್. "ಅದು ನಮ್ಮ ಮೊದಲನೇ ನಿಯಮ. ತಪ್ಪು ನಂದು. ಒಂಬತ್ತು ಮರಿ ಸತ್ತಿವೆ. ಇನ್ನು ಅವರ ಜೊತೆ ಜಗಳಕ್ಕೆ ನಿಲ್ಲಲ್ಲ ನಾನು. ದಾರಿ ಬದಲಿಸಿ."

ಅಷ್ಟೇ. ಡೋರಾ ಗೆದ್ದಿದ್ದಳು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ಈ ಮನುಷ್ಯ, ಯಾರ ನೆರಳು ಕಂಡರೂ ಅವಳು ಉಗಿಯುತ್ತಿದ್ದಳೋ ಆ ಸ್ಪಿಂಕ್, ಅವಳಿಗೆ ದಯೆ ತೋರಿಸುತ್ತಿದ್ದಾನೆ! ಅವಳಿಗೆ! ಅಡಿಯಿಂದ ಮುಡಿಯವರೆಗೆ ಬೆಂಕಿ ಹತ್ತಿಕೊಂಡಿತು.

"ಬೋರ್ಡಿನ ವಿಷ್ಯ ಹೇಳಯ್ಯ!" ಎಂದು ಕಿರುಚಿದಳು.

"ಮಿಸೆಸ್ ಮೌನ್ಸಿ..."

"ನಾಲಿಗೆ ಬಿದ್ದುಹೋಗಿದೆಯಾ ನಿನಗೆ? ಗೇಟಿನ ಚಿಲಕಕ್ಕೆಲ್ಲ ದೂರು ಕೊಟ್ಟೋನು, ಈಗ ದೊಡ್ಡ ಸಂತನ ಹಾಗೆ ನಿಂತಿದ್ದೀಯ? ನಿನ್ನ ದಯೆ ಯಾವಳಿಗೆ ಬೇಕು? ನನ್ನ ಮರಿ ಸತ್ತಿರೋದು, ನನ್ನ ಕುರಿ ಸತ್ತಿರೋದು! ಯಾವಾಗಲೂ ಮುಚ್ಚು ಅಂತ ನಾನೇ ಬರೆದಿದ್ದೆ, ಇವನ ಹೆಸರು ಹಾಕಿ ಬರೆದಿದ್ದೆ. ತಿಪ್ಪೆ ಅಡಿ ಇದೆ, ಹೋಗಿ ಕೆದಕಿ ನೋಡಮ್ಮ!"

ಮಿಸ್ ಹಾಲ್‌ರಾಯ್ಡ್ ಪೆನ್ನು ಮುಚ್ಚಿದಳು. ಸ್ಪಿಂಕ್ ಕೋಲಿನ ಮೇಲೆ ಭಾರ ಹಾಕಿ ನೆಲ ನೋಡುತ್ತ ನಿಂತ. ಡೋರಾ ಹಿಂದಿರುಗಿ ನೋಡದೆ ಇಳಿದು ಹೋದಳು. ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ಕುಳಿತಳು. "ಹಾಳಾದೋನು," ಎಂದಳು ನೆಲ್‌ಗೆ. "ಒಂದು ಸುಳ್ಳನ್ನೂ ನೆಟ್ಟಗೆ ಹೇಳೋಕೆ ಬಿಡಲಿಲ್ಲ."

ದಾರಿ ಬದಲಾಗಲಿಲ್ಲ. ಅಂಗಳದಲ್ಲೇ ಉಳಿಯಿತು. ಪಬ್ಬಿನಲ್ಲಿ ಈಗಲೂ ಒಬ್ಬರು ಬಂದರೆ ಇನ್ನೊಬ್ಬರು ಏಳುತ್ತಾರೆ.

ಗುರುವಾರ ಮಾತ್ರ ಸ್ಪಿಂಕ್ ಅಂಗಳದ ನಡುವೆ ಬಂದು ನಿಲ್ಲುತ್ತಾನೆ. ದಂಡಿನವರೆಲ್ಲ ಹಿಂದೆ ನಿಲ್ಲುತ್ತಾರೆ. ಅವನು ಅವಳ ಮುಖ ನೋಡುವುದಿಲ್ಲ, ಅಡುಗೆಮನೆಯ ಕಿಟಕಿಗೆ ಹೇಳುತ್ತಾನೆ: "ಮೇಲಿನ ಗೇಟು, ಮಿಸೆಸ್ ಮೌನ್ಸಿ. ತೆರೆದಿಡೋದಾ, ಮುಚ್ಚೋದಾ?"

ಡೋರಾ ಬಟ್ಟಲು ತೊಳೆಯುತ್ತಲೇ ಆಕಾಶ ನೋಡುತ್ತಾಳೆ. ಗಾಳಿ ಯಾವ ಕಡೆಯದೆಂದು ನೋಡುತ್ತಾಳೆ. ಹಾಗೇ ಹಾಳಾಗಿ ಹೋಗು ಎನ್ನಬೇಕೆಂದು ಪ್ರತಿ ಸಲ ಬಾಯಿಗೆ ಬರುತ್ತದೆ.

"ಮುಚ್ರಿ," ಎನ್ನುತ್ತಾಳೆ.

ಅವನು ಹೋಗಿ ಮುಚ್ಚುತ್ತಾನೆ.