ಅರ್ಧಕ್ಕೇ ನಿಂತ ಬಾಗಿಲು

ಅಂಬಮ್ಮ ಹಿತ್ತಾಳೆ ಲೋಟಕ್ಕೆ ನೀರು ತುಂಬಿ, ತುಳಸಿ ದಳ ಹಾಕಿ, ಅತ್ತಿಗೆಯ ಕೈಗೆ ಕೊಟ್ಟಳು. ಕಾಂತಮ್ಮ ಲೋಟ ಹಿಡಿದು ಗಂಡನ ತಲೆಯ ಹತ್ತಿರ ಹೋದಳು. ಬಗ್ಗಿದಳು. ಮತ್ತೆ ಎದ್ದು ನಿಂತು ಲೋಟವನ್ನು ಜಗುಲಿಯ ಅಂಚಿಗಿಟ್ಟಳು.

"ನಾನು ಬಿಡಲ್ಲ. ನೀವ್ಯಾರಾದ್ರೂ ಬಿಡ್ರಿ."

ಶಿವನಿ ಊರಿನ ಆ ಸಣ್ಣ ಅಂಗಳದಲ್ಲಿ ನೆರೆದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದ್ದಪ್ಪನಿಗೆ ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಹಾರ ಹಾಕಿ ಮಲಗಿಸಿದ್ದಾಗಿತ್ತು. ಮಗಳು ತೀರ್ಥಮ್ಮ ದೇವನೂರಿನಿಂದ ಅಳುತ್ತಾ ಬಂದು ಅಪ್ಪನ ಬಾಯಿಗೆ ನೀರು ಬಿಟ್ಟಿದ್ದಳು. ತಮ್ಮ ಈರಭದ್ರಪ್ಪ ಬಿಟ್ಟಿದ್ದ, ತಂಗಿ ಅಂಬಮ್ಮನೂ ಬಿಟ್ಟಿದ್ದಳು. ಹೆಂಡತಿಯದೊಂದು ಆದರೆ ಎತ್ತುವುದಷ್ಟೇ ಬಾಕಿ. ಹೊತ್ತು ಇಳಿಯುತ್ತಿತ್ತು. ಹೊಲದಲ್ಲಿ ಗುಂಡಿ ತೋಡಿದವರು ಇನ್ನೂ ಯಾಕೆ ಬರಲಿಲ್ಲವೆಂದು ಕೇಳಿ ಕಳಿಸಿದ್ದರು.

"ಇದೇನತ್ಗೆ ಹಿಂಗಂದ್ರೆ?" ಅಂದಳು ಅಂಬಮ್ಮ. "ಕಟ್ಕೊಂಡೋಳ ಕೈ ನೀರು ಬೀಳ್ದೆ ಎತ್ತೋದುಂಟಾ?"

"ಅವ್ರೇ ಬ್ಯಾಡ ಅಂದವ್ರೆ ಕಣೇ. ನಿನ್ ಕೈ ನೀರು ಕುಡಿಯಲ್ಲ ಅಂದವ್ರೆ."

"ಏನೋ ಸಿಟ್ಟಲ್ಲಿ ಅಂದಿರ್ತಾನೆ."

"ಬರೀ ಅಂದಿದ್ದಲ್ಲ, ಕುಡೀಲೂ ಇಲ್ಲ. ಸೋಮವಾರದಿಂದ ತಾವೇ ಮೊಗೆದು ಕುಡೀತಿದ್ರು. ನಾನಿಟ್ಟಿದ್ದು ಇಟ್ಟಂಗೇ ಇರ್ತಿತ್ತು. ಜೀವ ಇದ್ದಾಗ ಬ್ಯಾಡ ಅಂದಿದ್ನ ಈಗ ಬಾಯಿ ತೆಗ್ದು ಹೊಯ್ಲಾ? ಬ್ಯಾಡ ಅನ್ನಾಕೂ ಆಗಲ್ಲ ಅವ್ರಿಗೆ."

ಸಾವಿನ ಮನೆಯಲ್ಲಿ ಮಾತಿಗೇನು ಬರವಿಲ್ಲ. ಬಿಡಬೇಕು ಅಂದರು ಕೆಲವರು, ಆಣೆ ಮಾಡಿದ್ದರೆ ಬಿಡಬಾರದು ಅಂದರು ಕೆಲವರು. ಒಬ್ಬ ಮುದುಕಿ ಎರಡನ್ನೂ ಅಂದಳು. ಗಂಡ ಕೋಪ ಇಟ್ಟುಕೊಂಡೇ ಹೋದನೋ ಇಲ್ಲವೋ, ಕಾಂತಮ್ಮನಿಗೆ ಬೇಕಾಗಿದ್ದದ್ದು ಅದೊಂದೇ. ಅದನ್ನು ಹೇಳುವವನು ಜಗುಲಿಯ ಮೇಲೆ ಮಲಗಿದ್ದ.

*

ಮುದ್ದಪ್ಪನದು ಬಾಡಿಗೆ ಕಾರು. ಎಪ್ಪತ್ತೆಂಟನೇ ಇಸವಿಯಲ್ಲಿ ಅದು ಅವನ ಕೈಗೆ ಬರುವ ಹೊತ್ತಿಗೇ ಅರ್ಧ ಆಯಸ್ಸು ಕಳೆದಿತ್ತು. ಉಳಿದರ್ಧವನ್ನು ಅವನು ಶಿವನಿ ಸ್ಟೇಷನ್ನಿಗೂ ಅಜ್ಜಂಪುರಕ್ಕೂ ನಡುವೆ, ಒಮ್ಮೊಮ್ಮೆ ತರೀಕೆರೆ ಆಸ್ಪತ್ರೆಯವರೆಗೆ, ಜೋಪಾನವಾಗಿ ಓಡಿಸಿದ್ದ. ಕಳೆದ ಬೇಸಿಗೆಯಲ್ಲಿ ಮುಂದಿನ ಎಡಬಾಗಿಲ ಸ್ಟಾಪರ್ ಮುರಿಯಿತು. ಬಾಗಿಲು ಒಂದು ಮಟ್ಟಕ್ಕೆ ತೆರೆದು ನಿಲ್ಲುವಂತೆ ತಡೆಯುವ ಕಬ್ಬಿಣದ ತುಂಡು ಅದು. ಅದಿಲ್ಲದೆ ಬಾಗಿಲು ಗಾಳಿಗೆ ಪೂರಾ ತೆರೆದು ಮಡ್‌ಗಾರ್ಡಿಗೆ ಬಡಿಯುತ್ತಿತ್ತು. ಯಾರು ಹತ್ತಿದರೂ ಮುದ್ದಪ್ಪನೇ ಸುತ್ತಿ ಬಂದು ಮುಚ್ಚುತ್ತಿದ್ದ. ನಾಳೆ ಮಾಡಿದರಾಯಿತು ಅನ್ನುತ್ತಾ ವರ್ಷ ಕಳೆದ.

ಸೋಮವಾರ ಕಡೂರಿನಲ್ಲಿ ಮದುವೆ. ಊಟ ಮುಗಿಸಿ ಛತ್ರದ ಮುಂದೆ ಕಾರು ಹತ್ತಿದರು. ಮುದ್ದಪ್ಪ ಯಾರೊಂದಿಗೋ ಮಾತಿಗೆ ನಿಂತಿದ್ದ. ಕಾಂತಮ್ಮ ಕುಳ್ಳಿ, ಕೈಯೂ ಗಿಡ್ಡ. ಸೀಟಿನಲ್ಲಿ ಕೂತು ಬಾಗಿಲಿಗೆ ಕೈ ಚಾಚಿದಳು. ಎಟುಕಲಿಲ್ಲ. ಇನ್ನಷ್ಟು ಬಗ್ಗಿದಳು. ರೇಷ್ಮೆ ಸೀರೆ ಸೀಟಿನ ಮೇಲೆ ಜಾರಿತು, ಬೀಗರ ಕಡೆಯವರೆಲ್ಲ ನೋಡುತ್ತಿದ್ದಂತೆ ಅವಳು ಹೊರಗೆ ಬಿದ್ದಳು. ಎಲ್ಲರೂ ನಕ್ಕರು. ಮುದ್ದಪ್ಪನೂ ನಕ್ಕ.

ಮನೆಗೆ ಬಂದ ಮೇಲೆ ಅವಳು, "ಇನ್ನು ಈ ಕಾರಿಗೆ ಕಾಲಿಟ್ರೆ ಕೇಳ್ರಿ. ಮಾರಿ ಬಿಸಾಕ್ರಿ ಅತ್ಲಾಗೆ!" ಅಂದಳು.

"ಅನ್ನ ಹಾಕೋ ಕಾರಿಗೆ ಹಿಂಗಂತೀಯೇನೇ? ಅದನ್ನ ಬ್ಯಾಡ ಅನ್ನೋಳ ಕೈ ನೀರೂ ನಂಗೆ ಬ್ಯಾಡ."

ಅವಳು ಅಂದದ್ದು ಕಾರಿಗಲ್ಲ, ಆ ನಗೆಗೆ. ಅದನ್ನು ಅವಳು ಹೇಳಲಿಲ್ಲ, ಅವನಿಗೆ ತಿಳಿಯಲೂ ಇಲ್ಲ. ಅವಳು ಮಾಡಿದ ಸಾರು ಉಂಡ, ಮುದ್ದೆ ನುಂಗಿದ. ನೀರಿಗೆ ಮಾತ್ರ ತಾನೇ ಎದ್ದು ಹೋಗುತ್ತಿದ್ದ.

*

ಅಷ್ಟರಲ್ಲಿ ತರೀಕೆರೆಯ ಲಕ್ಷ್ಮಣಪ್ಪ ಬಂದ. ಅವನದೂ ಬಾಡಿಗೆ ಕಾರಿನ ಕಸುಬೇ. ಬಾಗಿಲಲ್ಲಿ ಹಿಡಿಸದಷ್ಟು ದಪ್ಪನೆಯ ಆಳು. ಅಂಗಳದಲ್ಲಿ ಜನ ಕಂಡು, ಹೆಣ ಕಂಡು, ಬಾಯಿ ತೆರೆದು ನಿಂತುಬಿಟ್ಟ.

"ಅಯ್ಯೋ ಶಿವನೇ... ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ. ಮಂಗಳವಾರ ಹೇಳಿ ಕಳಿಸಿದ್ದ, ಕಾರು ಕೊಡೋಣ ಅಂತಿದ್ದೀನಿ, ಬಂದು ನೋಡು ಅಂತ."

ಈರಭದ್ರಪ್ಪನಿಗೆ ಎಲ್ಲ ಹೊಳೆದಂತಾಯಿತು. "ಅದಕ್ಕೇಯಾ ಬೆಳಿಗ್ಗೆಯಿಂದ ಬಾಗ್ಲು ರಿಪೇರಿ ಮಾಡ್ತಿದ್ದ! ಮಾರಾಕೆ."

"ನೋಡಿದ್ರಾ ಅತ್ಗೆ," ಅಂದಳು ಅಂಬಮ್ಮ, "ನಿಮ್ ಮಾತು ಕೇಳಿ ಮಾರಾಕೆ ಹೊರಟಿದ್ದ. ಸಿಟ್ಟೆಲ್ಲಿತ್ತು?"

"ಸಿಟ್ಟಿಗೇ ಮಾರಾಕೆ ಹೊರಟಿದ್ದ ಕಣವ್ವ. ನಮ್ಮಣ್ಣ ನಂಗೊತ್ತಿಲ್ವಾ?" ಅಂದ ಈರಭದ್ರಪ್ಪ.

ಅಣ್ಣನನ್ನು ಬಲ್ಲ ಇಬ್ಬರೂ ಅಲ್ಲೇ ಜಗಳಕ್ಕೆ ನಿಂತರು. ಕಾಂತಮ್ಮ ಅವರನ್ನೂ ಇವರನ್ನೂ ನೋಡಿದಳು. ಇಬ್ಬರು ಹೇಳುವುದೂ ಸರಿ ಅನ್ನಿಸಿತು, ಎರಡೂ ಸುಳ್ಳು ಅನ್ನಿಸಿತು.

*

ಬೆಳಿಗ್ಗೆ ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಮುದ್ದಪ್ಪ ಬಾಗಿಲ ಒಳಗಿನ ಹಲಗೆ ಬಿಚ್ಚಿ, ಹಳೇ ಗಾಡಿಚಕ್ರದ ಕಬ್ಬಿಣದ ಪಟ್ಟಾ ಕೊಯ್ದು, ಕಲ್ಲಿನ ಮೇಲಿಟ್ಟು ಬಡಿದು ಬಗ್ಗಿಸಿದ. ಕೈಡ್ರಿಲ್ಲು ತಿರುಗಿಸಿ ತೂತು ಕೊರೆದ, ಬೋಲ್ಟು ಹಾಕಿ ಬಿಗಿದ. ಆಮೇಲೆ ಅವನು ಮಾಡಿದ್ದೇ ವಿಚಿತ್ರ. ಎಡಗಡೆ ಸೀಟಿನಲ್ಲಿ ಕೂತು, ಆ ಎತ್ತರದ ಮನುಷ್ಯ, ಹೆಗಲು ಇಳಿಸಿ, ಮೈಯೆಲ್ಲ ಕುಗ್ಗಿಸಿ, ಮೊಣಕೈ ಮಡಚಿ ಬಾಗಿಲ ಕಡೆ ಕೈ ಚಾಚಿದ. ಇಳಿದ. ಬೋಲ್ಟು ಬಿಚ್ಚಿ ಇನ್ನೊಂದು ತೂತು ಕೊರೆದ. ಮತ್ತೆ ಕುಗ್ಗಿ ಕೂತ. ಬೆನ್ನು ಹಿಡಿದಿದೆಯೇನೋ ಅಂದುಕೊಂಡಳು. ಕೇಳೋಣವೆಂದರೆ ಮಾತಿಲ್ಲ. ಒಂದು ಚೊಂಬು ನೀರು ಹೊಸಿಲ ಮೇಲಿಟ್ಟು ಒಳಗೆ ಹೋದಳು. ಕುಡಿದರೆ ಕುಡಿಯಲಿ ಅಂತ.

ಸುತ್ತಿಗೆ ಸದ್ದು ನಿಂತಾಗ, ಕೆಲಸ ಮುಗಿಯಿತು, ಬರುತ್ತಾರೆ ಅಂದುಕೊಂಡಳು. ಬರಲಿಲ್ಲ. ಹೊರಗೆ ಹೋದರೆ ಮುದ್ದಪ್ಪ ಚಕ್ರಕ್ಕೊರಗಿ ಕೂತಿದ್ದ. ಕಣ್ಣು ತೆರೆದೇ ಇತ್ತು. ಚೊಂಬು ತುಂಬಿದಂತೆಯೇ ಇತ್ತು.

*

ಲಕ್ಷ್ಮಣಪ್ಪ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಾರಿನ ಕಡೆ ಸರಿದ. ಅಭ್ಯಾಸ, ಕೈ ಸುಮ್ಮನಿರುವುದಿಲ್ಲ. ಎಡಬಾಗಿಲು ಎಳೆದ. ಅದು ಅರ್ಧಕ್ಕೇ ನಿಂತಿತು. ಇನ್ನಷ್ಟು ಎಳೆದ, ಕದಲಲಿಲ್ಲ. ಒಳಗೆ ನುಗ್ಗಲು ಹೋಗಿ ಹೊಟ್ಟೆ ಸಿಕ್ಕಿಕೊಂಡಿತು.

"ಇದೇನ್ರೀ ಇದು! ಇಷ್ಟಗಲ ಬಾಗ್ಲಲ್ಲಿ ಯಾವ ಗಿರಾಕಿ ಹತ್ತಾನು? ಮುದ್ದಣ್ಣನಂಥೋನು ಸ್ಟಾಪರಿನ ತೂತು ತಪ್ಪಾಗಿ ಕೊರೆಯೋದಾ!"

"ವಯಸ್ಸಾಗಿತ್ತು ಪಾಪ. ಕಣ್ಣು ಸರಿ ಕಾಣ್ತಿರ್ಲಿಲ್ಲ," ಅಂದ ಈರಭದ್ರಪ್ಪ.

ಕಾಂತಮ್ಮ ಜಗುಲಿ ಇಳಿದಳು. ತಲೆ ತುಂಬ ಹೂ ಮುಡಿಸಿಕೊಂಡಿದ್ದ ಹೆಂಗಸು ಜನದ ನಡುವೆ ನಡೆದು ಕಾರಿನ ಹತ್ತಿರ ಬಂದಾಗ ಅಳುತ್ತಿದ್ದವರೂ ಅಳು ನಿಲ್ಲಿಸಿದರು.

"ಸರ್ಕೊಳ್ರಿ," ಅಂದಳು ಲಕ್ಷ್ಮಣಪ್ಪನಿಗೆ.

ಆ ಸಂದಿನಲ್ಲಿ ಅವಳು ಸಲೀಸಾಗಿ ಹತ್ತಿ ಕೂತಳು. ಕೈ ಚಾಚಿದಳು. ಬಗ್ಗಬೇಕಾಗಲಿಲ್ಲ, ಬಾಗಿಲ ಹಿಡಿ ನೇರವಾಗಿ ಬೆರಳಿಗೆ ಸಿಕ್ಕಿತು. ಎಳೆದು ಮುಚ್ಚಿದಳು. ತಳ್ಳಿ ತೆರೆದಳು. ಮತ್ತೆ ಎಳೆದಳು.

"ಅವ್ವಾ, ಏನ್ ಮಾಡ್ತಿದ್ದೀಯ? ಇಳಿ," ಅಂದಳು ತೀರ್ಥಮ್ಮ ಗಾಬರಿಯಾಗಿ. ದುಃಖಕ್ಕೆ ತಲೆ ಕೆಟ್ಟಿತೆಂದು ಹೆಂಗಸರು ಪಿಸುಗುಟ್ಟಿದರು.

ಅವನು ಅಷ್ಟು ಮೈ ಕುಗ್ಗಿಸಿ ಕೂತದ್ದು ಅವಳಷ್ಟೇ ಕುಳ್ಳಾಗಿ, ಅವಳ ಕೈಗೆ ಎಟುಕುವ ಅಳತೆ ನೋಡಲಿಕ್ಕೆ ಎಂದು ಅವಳಿಗೆ ಈಗ ತಿಳಿಯಿತು. ಅಳು ಬರಲಿಲ್ಲ, ಸಿಟ್ಟು ಬಂತು. ಮಂಗಳವಾರ ಮಾರುತ್ತೇನೆಂದು ಹೇಳಿ ಕಳಿಸಿ, ಈವತ್ತು ಹೆಂಡತಿಯ ಅಳತೆಗೆ ತೂತು ಕೊರೆಯುವುದೆಂದರೇನು? ನಡುವೆ ಮನಸ್ಸು ತಿರುಗಿದ್ದು ಯಾವಾಗ? ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇ? ನೀರು ಯಾಕೆ ಕುಡಿಯಲಿಲ್ಲ?

ಇಳಿದು ನೇರ ಜಗುಲಿಗೆ ಬಂದು ಲೋಟ ಎತ್ತಿಕೊಂಡಳು. ಗಂಡನ ತುಟಿ ಬಿಡಿಸಿ ನೀರು ಬಿಟ್ಟಳು. ಅದು ಬಾಯಿಯ ಅಂಚಿನಿಂದ ಇಳಿದು ಹಾರದ ಮೇಲೆ ಹರಿಯಿತು.

"ಆಯ್ತು ಬಿಡಿ ಅತ್ಗೆ, ಬಿದ್ದಂಗಾಯ್ತು," ಅಂದಳು ಅಂಬಮ್ಮ.

"ಎಲ್ಲಾಯ್ತು? ಹೊರಕ್ಕೆ ಬಂತಲ್ಲ."

ಸೆರಗಿನಿಂದ ಅವನ ಗದ್ದ ಒರೆಸಿ ಮತ್ತೆ ಬಿಟ್ಟಳು. ಮತ್ತೆ ಹೊರಗೆ ಬಂತು. ಚಟ್ಟ ಎತ್ತಲು ಬಂದವರು ಬಗ್ಗಿದಂತೆಯೇ ನಿಂತರು.

"ಹಠ ಸಾಕು ಕಣ್ರೀ. ನಾನು ಕಾರು ಹತ್ತಿದ್ನಲ್ಲ? ನೀವೂ ಕುಡೀರಿ."

ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊಂಚ ಎತ್ತಿದಳು. ಒಂದೇ ಗುಟುಕಿನಷ್ಟು ಬಿಟ್ಟು, ಮಕ್ಕಳಿಗೆ ಔಷಧ ಕುಡಿಸುವಾಗ ಮಾಡುವಂತೆ, ಎರಡು ಬೆರಳಿನಿಂದ ಅವನ ಗಂಟಲನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸವರತೊಡಗಿದಳು.